ಬಿಲ್ಕೀಸಳ ಮೆಣಸಿನ ಗಿಡ ಮತ್ತು ಅರ್ಧ ಸೀಸೆ ಎಣ್ಣೆ

“ಎಣ್ಣೆ ಇಳಿಸೋ ಪುಟ್ಟಮಾದಯ್ಯನ ಮನೆಗೆ ಇದೇ ದಾರಿ ತಾನೇ?” ಎಂದು ಮಂದಾಕಿನಿ ಮೂರನೆಯ ಸಲ ಕೇಳಿದಳು.

ಮೇಕೆ ಮೇಯಿಸುತ್ತಿದ್ದ ಹೆಂಗಸು ಅವಳನ್ನು ನೋಡಿದಳು. ಅವಳ ಸೊಂಟದ ಮೇಲೆ ಮಗುವಿನ ಹಾಗೆ ಕೂತಿದ್ದ ಕುಂಡವನ್ನೂ ನೋಡಿದಳು. “ದಾರಿ ಇದೇ ಕಣವ್ವ. ಆದ್ರೆ ನೀನು ವಾಪಸ್ಸು ಹೋಗ್ತಾ ಇದೀಯ,” ಎಂದಳು.

ಮಂದಾಕಿನಿಗೆ ನಗು ಬಂತು, ಅಳುವೂ ಬಂತು. ಇಪ್ಪತ್ತೆಂಟು ವರ್ಷ ಯಾತ್ರೆಯ ಬಸ್ಸುಗಳಲ್ಲಿ ಜನರನ್ನು ಕಾಶಿ, ಕೇದಾರ, ಕಾಮಾಖ್ಯ ಅಂತ ಸುತ್ತಿಸಿ, ಒಬ್ಬರನ್ನೂ ಕಳೆಯದೆ ಮನೆಗೆ ತಂದು ಬಿಟ್ಟವಳು ಅವಳು. ಈಗ ಗುಂಡ್ಲುಪೇಟೆಯಿಂದ ಮೂರು ಮೈಲಿ ದೂರದಲ್ಲಿ ಹುಣಸೆಮರವೊಂದನ್ನು ಎರಡು ಸಲ ಸುತ್ತಿ ಬಂದಿದ್ದಳು.

ಕುಂಡದಲ್ಲಿದ್ದದ್ದು ಒಂದು ಮೆಣಸಿನ ಗಿಡ. ಅದು ಅವಳದಲ್ಲ, ಮೈಸೂರಿನಲ್ಲಿ ಪಕ್ಕದ ಮನೆಯ ಬಿಲ್ಕೀಸಳದು. ಬಿಲ್ಕೀಸಳ ತಾಯಿ ಸಾಯುವ ಮುಂಚೆ ಸೀರೆಯ ಗಂಟಿನಲ್ಲಿ ಕಟ್ಟಿಕೊಟ್ಟ ಬೀಜದ ವಂಶ ಅದು. ವರ್ಷಾ ವರ್ಷಾ ಹಣ್ಣಾದ ಕಾಯಿಯಿಂದ ಬೀಜ ತೆಗೆದು ಬಿಲ್ಕೀಸ್ ಅದನ್ನು ಉಳಿಸಿಕೊಂಡು ಬಂದಿದ್ದಳು. ಹೋದ ಮಳೆಯಲ್ಲಿ ಉಳಿದ ಗಿಡಗಳೆಲ್ಲ ಕೊಳೆತುಹೋಗಿ, ಈಗ ಇದೊಂದೇ ಉಳಿದಿತ್ತು. ದಿನಾ ಬೆಳಿಗ್ಗೆ “ಹೇಗಿದ್ದೀ ಅಮ್ಮೀ?” ಎಂದು ಅದನ್ನು ಮಾತಾಡಿಸಿಯೇ ಅವಳು ಚಹಾ ಕುಡಿಯುವುದು.

ಮಗಳ ಬಾಣಂತನಕ್ಕೆ ಭಟ್ಕಳಕ್ಕೆ ಹೊರಟಾಗ ಬಿಲ್ಕೀಸ್ ಹೇಳಿದ್ದು ಇಷ್ಟೇ: “ಮಂದಾ, ದಿನಕ್ಕೊಂದು ಚೊಂಬು ನೀರು ಹಾಕು. ಹೆಚ್ಚು ಬುದ್ಧಿ ಓಡಿಸಬೇಡ.”

ಮಂದಾಕಿನಿ ಬುದ್ಧಿ ಓಡಿಸಿದಳು. ಎಲೆಗಳ ಕೆಳಗೆ ರಸ ಹೀರುವ ಗಿಡದ ಹೇನು ಕಂಡವು. ಅಂಗಡಿಯ ವಿಷ ಹಾಕುವಂತಿಲ್ಲ, ಬಿಲ್ಕೀಸ್ ಗಿಡದಿಂದ ಕಿತ್ತ ಕಾಯಿಯನ್ನು ಹಾಗೇ ಕಚ್ಚಿ ತಿನ್ನುವವಳು. ಗುಂಡ್ಲುಪೇಟೆಯ ಸಂತೆಯಲ್ಲಿ ಪುಟ್ಟಮಾದಯ್ಯ ನಿಂಬೆಯ ವಾಸನೆಯ ಮಜ್ಜಿಗೆ ಹುಲ್ಲಿನ ಎಣ್ಣೆ ಮಾರುತ್ತಿದ್ದ. ಹುಳಕ್ಕೆ ಒಳ್ಳೆಯದು ಎಂದ. ಹೇಗೆ ಹಾಕಬೇಕು ಎಂದು ಅವನು ಹೇಳತೊಡಗುವಷ್ಟರಲ್ಲಿ ಮಂದಾಕಿನಿ ಸೀಸೆ ತೆಗೆದುಕೊಂಡು ಬಸ್ಸಿಗೆ ಓಡಿದ್ದಳು. ಗಿಡದಿಂದ ಬಂದ ಎಣ್ಣೆ ಗಿಡಕ್ಕೇನು ಮಾಡೀತು ಅನ್ನುವುದು ಅವಳ ಲೆಕ್ಕ. ಮಾರನೆಯ ದಿನ ಮಧ್ಯಾಹ್ನ ಹಂಪಿಗೆ ಹೊರಡುವುದಿತ್ತು. ಹೊರಡುವ ಮುಂಚೆ, ಸುಡು ಬಿಸಿಲಲ್ಲಿ, ಒಂದು ಚೊಂಬು ನೀರಿಗೆ ಅರ್ಧ ಸೀಸೆ ಸುರಿದು ಚಿಮುಕಿಸಿ ಹೋದಳು. ತಿರುಗಿ ಬಂದಾಗ ಗಿಡ ಕರಿದ ಹಪ್ಪಳದ ಹಾಗೆ ನಿಂತಿತ್ತು.

ಕೊನೆಗೂ ಮನೆ ಸಿಕ್ಕಿತು. ಪುಟ್ಟಮಾದಯ್ಯ ಎಣ್ಣೆ ಇಳಿಸುವ ಹಂಡೆಗೆ ಹುಲ್ಲು ತುಂಬುತ್ತಿದ್ದ. ಅವಳನ್ನು ನೋಡಿದ ಕೂಡಲೇ, “ಓ, ಬಸ್ಸಿನವ್ವ!” ಎಂದ. “ನಾನು ಮಾತು ಮುಗಿಸೋಕೆ ಮುಂಚೆನೇ ಓಡಿದೋರು ನೀವೇ ಅಲ್ವಾ? ಎಷ್ಟು ಹಾಕಿದ್ರಿ?”

“ಅರ್ಧ ಸೀಸೆ,” ಎಂದಳು ಮೆಲ್ಲಗೆ.

ಅವನು ಬಯ್ಯಲಿಲ್ಲ. ಒಂದು ಕಡ್ಡಿಯ ತುದಿಯಿಂದ ಅವಳ ಮುಂಗೈಗೆ ಒಂದೇ ಒಂದು ಹನಿ ಎಣ್ಣೆ ಮುಟ್ಟಿಸಿದ. “ಬಿಸಿಲಲ್ಲಿ ನಿಂತ್ಕಳಿ.”

ಸ್ವಲ್ಪ ಹೊತ್ತಿಗೇ ಮಂದಾಕಿನಿ ಕೈ ಕೊಡವತೊಡಗಿದಳು. “ಅಯ್ಯೋ, ಉರಿ ಕಣಯ್ಯ!”

“ಒಂದು ಹನಿಗೇ ಹಿಂಗೆ ಕುಣೀತೀರಿ. ಎಲೆಗೆ ಕಾಲಿಲ್ಲ, ಅದು ಎಲ್ಲಿಗೆ ಓಡೀತು?”

ಅವನ ಹೆಂಡತಿ ಕೆಂಪಮ್ಮಣ್ಣಿ ಕೊಬ್ಬರಿ ಎಣ್ಣೆ ತಂದು ಅವಳ ಕೈ ಒರೆಸಿದಳು. “ಊರಿಗೆ ಬಂದೋರ್ಗೆಲ್ಲ ಇವ್ರದು ಇದೇ ಪಾಠ,” ಎಂದು ಗಂಡನನ್ನು ಗದರಿದಳು.

ಪುಟ್ಟಮಾದಯ್ಯ ಒಂದು ಚೊಂಬು ನೀರಿಗೆ ಎಣ್ಣೆ ಬಿಟ್ಟು ತೋರಿಸಿದ. ಎಣ್ಣೆ ಬೇರೆಯಾಗಿ ಮೇಲೆ ತೇಲಿತು. ಆಮೇಲೆ ಅಂಟುವಾಳದ ಕಾಯಿ ಕಿವುಚಿದ ನೊರೆಯಲ್ಲಿ ನಾಲ್ಕೇ ಹನಿ ಬೆರೆಸಿ, ಅದನ್ನು ಇನ್ನೊಂದು ಚೊಂಬು ನೀರಿಗೆ ಹಾಕಿ ಕಲಕಿದ. ಈ ಸಲ ನೀರಿನ ಮೇಲೆ ಎಣ್ಣೆಯ ಪಸೆ ಕಾಣಲಿಲ್ಲ. “ಇಷ್ಟೇ ಸಾಕು. ಬಿಸಿಲು ಇಳಿದ ಮೇಲೆ ಹಾಕ್ಬೇಕು. ಮೊದ್ಲು ಒಂದು ಎಲೆಗೆ ಹಾಕಿ ಮಾರನೇ ದಿನದವರೆಗೂ ಕಾಯ್ಬೇಕು. ಎಲೆ ಚೆನ್ನಾಗಿದ್ರೆ ಆಮೇಲೆ ಉಳಿದದ್ದು.”

“ಮಾರನೇ ದಿನದವರೆಗೂ?” ಎಂದಳು ಮಂದಾಕಿನಿ. ಅವಳಿಗೆ ಅದೇ ಎಲ್ಲಕ್ಕಿಂತ ಕಷ್ಟದ ಮಾತು.

ಅವನು ಗಿಡವನ್ನು ತಿರುವಿ ನೋಡಿದ. ಎಣ್ಣೆ ಚಿಮುಕಿಸಿದಾಗ ಮನೆಯ ಗೋಡೆಯ ಮರೆಯಲ್ಲಿದ್ದ ಒಂದು ಕೊಂಬೆ ಮಾತ್ರ ಹಸಿರಾಗಿತ್ತು. ಅದರಲ್ಲಿ ಉಗುರಿನಷ್ಟು ಉದ್ದದ ಒಂದು ಕಾಯಿ. “ಬೇರು ಗಟ್ಟಿಯಾಗಿದೆ. ಈ ಕಾಯಿ ಹಣ್ಣಾದ್ರೆ ಬೀಜ ಸಿಕ್ತದೆ. ಆಗ್ಲಿಲ್ಲ ಅಂದ್ರೆ ಇಲ್ಲ.”

ಮಂದಾಕಿನಿಯ ಮುಖ ಸಣ್ಣದಾಯಿತು. ಕೆಂಪಮ್ಮಣ್ಣಿಗೆ ಕನಿಕರ ಹುಟ್ಟಿತು. “ನಮ್ಮ ಹಿತ್ಲಲ್ಲೂ ಥೇಟ್ ಇಂಥದ್ದೇ ಗಿಡ ಇದೆ ಕಣವ್ವ. ಒಂದನ್ನ ಬೇರು ಸಮೇತ ಕಿತ್ತು ಕೊಡ್ತೀನಿ. ಇದೇ ಕುಂಡದಲ್ಲಿ ನೆಟ್ಬುಡು. ಅವ್ರಿಗೆ ಎಲ್ಲಿ ಗೊತ್ತಾಗ್ತದೆ?”

ಮಂದಾಕಿನಿ ಹಿತ್ತಲಿಗೆ ಹೋಗಿ ನೋಡಿದಳು. ನಿಜ, ಅದೇ ಎಲೆ, ಅದೇ ಎತ್ತರ. ಇನ್ನೇನು ಕೈ ಚಾಚಬೇಕು, ಆಗ ಬಿಲ್ಕೀಸಳ ನೆನಪಾಯಿತು. ಇದನ್ನು ಒಯ್ದರೆ, ಯಾರದೋ ಹಿತ್ತಲಿನ ಗಿಡದ ಮುಂದೆ ನಿಂತು ಅವಳು ದಿನಾ ಬೆಳಿಗ್ಗೆ “ಹೇಗಿದ್ದೀ ಅಮ್ಮೀ?” ಎನ್ನುತ್ತಾಳೆ. ಪಕ್ಕದ ಮನೆಯ ಕಿಟಕಿಯಲ್ಲಿ ನಿಂತು ತಾನು ಅದನ್ನು ಕೇಳಿಸಿಕೊಳ್ಳಬೇಕು.

“ಬೇಡ ತಾಯಿ,” ಎಂದಳು. “ಈ ಸುಟ್ಟ ಗಿಡವನ್ನೇ ಒಯ್ಯುತ್ತೇನೆ.”

ಮೈಸೂರಿಗೆ ಬಂದು ಅವಳು ಸುಟ್ಟ ಎಲೆಗಳನ್ನು ಕತ್ತರಿಸಿದಳು. ದಿನಾ ಸಂಜೆ ಆ ಒಂದು ಕೊಂಬೆಯ ಎಲೆಗಳನ್ನು ಮಗುಚಿ ಹೇನನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಒಂದು ಎಲೆಗೆ ಅಂಟುವಾಳದ ನೀರು ಹಾಕಿ, ಕೈಕಟ್ಟಿ ಕೂತು, ಮಾರನೆಯ ದಿನಕ್ಕಾಗಿ ಕಾದಳು. ಎಲೆ ಸುಡಲಿಲ್ಲ, ಉಳಿದವಕ್ಕೂ ಹಾಕಿದಳು. ಕೆಲವು ವಾರಗಳಲ್ಲಿ ಕಾಯಿ ಬಲಿಯಿತು, ಕೆಂಪಗಾಯಿತು.

ಆ ವಾರವೇ ಬಿಲ್ಕೀಸ್ ಬಂದಳು. ಬುರ್ಖಾ ತೆಗೆಯುವ ಮೊದಲೇ ಗಿಡದ ಹತ್ತಿರ ಓಡಿದಳು. “ಇದೇನೇ, ನನ್ನ ಅಮ್ಮೀಗೆ ತಲೆ ಬೋಳಿಸಿದ್ದೀಯ!”

ಹುಳ ತಿಂದವು ಎನ್ನಬಹುದಿತ್ತು. ಬಿಸಿಲು ಹೆಚ್ಚು ಎನ್ನಬಹುದಿತ್ತು. ಮಂದಾಕಿನಿ ಅರ್ಧ ಸೀಸೆಯ ಕತೆಯನ್ನು ಮೊದಲಿನಿಂದ ಹೇಳಿದಳು. ಹಿತ್ತಲಿನ ಗಿಡದತ್ತ ಕೈ ಹೋಗಿದ್ದನ್ನೂ ಬಿಡಲಿಲ್ಲ. ಆಮೇಲೆ ಆ ಕೆಂಪು ಕಾಯಿಯನ್ನು ಅಂಗೈಯಲ್ಲಿಟ್ಟು ಚಾಚಿದಳು.

ಬಿಲ್ಕೀಸ್ ಕಾಯಿ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು. ಮೂರನೆಯ ದಿನ ಗೋಡೆಯಾಚೆಯಿಂದ ಅವಳ ದನಿ ಬಂತು.

“ಹದಿನೇಳು ಬೀಜ ಇದ್ದವು. ಬಿತ್ತಿದ್ದೇನೆ. ಆ ಸಸಿಗಳು ಹೂ ಬಿಡೋವರೆಗೆ ನೋಡಿಕೊಳ್ಳೋ ಸಾಲ ನಿನ್ನ ಮೇಲಿದೆ. ಅಲ್ಲಿಯವರೆಗೆ ನೀನು ಊರು ಬಿಡುವಂತಿಲ್ಲ.”

“ಮುಂದಿನ ವಾರ ಗಿರ್ನಾರಿಗೆ ಬಸ್ಸಿದೆ ಬಿಲ್ಕೀಸ್!”

“ಬಸ್ಸು ಹೋಗಲಿ. ನೀನಿರು.”

ಮಂದಾಕಿನಿ ಇದ್ದಳು. ಎರಡೂವರೆ ತಿಂಗಳು. ಮೊದಲ ವಾರ ಅವಳ ಕಾಲು ಜೋಮು ಹಿಡಿದವು, ಮನಸ್ಸು ಮೂರು ಸಲ ರೈಲು ಹತ್ತಿ ಇಳಿಯಿತು. ಆಮೇಲೆ ಆಮೇಲೆ ಯಾವ ಸಸಿ ಎಷ್ಟು ನೀರು ಕುಡಿಯುತ್ತದೆ, ಯಾವುದರ ಚಿಗುರಿಗೆ ಹೇನು ಬೇಗ ಬರುತ್ತದೆ ಎಂದು ಬಿಲ್ಕೀಸಳಿಗಿಂತ ಮೊದಲು ಅವಳೇ ಹೇಳತೊಡಗಿದಳು. ಹದಿನೇಳರಲ್ಲಿ ಹನ್ನೊಂದು ಬದುಕಿದವು.

ಒಂದು ಬೆಳಿಗ್ಗೆ ಹನ್ನೊಂದನೆಯ ಗಿಡವೂ ಬಿಳಿಯ ಹೂ ಬಿಟ್ಟಿತು. ಬಿಲ್ಕೀಸ್ ಕುಂಡಗಳ ನಡುವೆ ಬಗ್ಗಿ ಒಂದೊಂದನ್ನೂ ನೋಡಿದಳು. ಎದ್ದು ಸೆರಗಿನಿಂದ ಕಣ್ಣೊರೆಸಿಕೊಂಡು, “ನಿನ್ನ ಸಾಲ ತೀರಿತು ಕಣೇ,” ಎಂದಳು. “ಇನ್ನು ಎಲ್ಲಿಗೆ ಬೇಕಾದರೂ ಹೋಗು.”

ನೀತಿ: ಗಿಡದಿಂದ ಬಂದ ಮದ್ದಾದರೂ ಹನಿ ಲೆಕ್ಕದಲ್ಲೇ ಹಾಕಿ, ಮೊದಲು ಒಂದು ಎಲೆಗೆ ಹಾಕಿ, ಕಾದು ನೋಡಿ. ಪ್ರೀತಿಯ ಅವಸರದಲ್ಲಿ ತಪ್ಪಾಗಿಯೇ ಹೋದರೆ ಮುಚ್ಚಿಡಲು ಇನ್ನೊಂದು ಗಿಡ ಹುಡುಕಬೇಡಿ. ಒಪ್ಪಿಕೊಳ್ಳಿ, ಮತ್ತು ಅದು ಸರಿಹೋಗುವವರೆಗೆ ಅಲ್ಲೇ ನಿಲ್ಲಿ.