ದಾರಕ್ಕನ ಅಂಗಳ

ನಮ್ಮ ಬಡಗಕೇರಿಯ ಕಲ್ಲುಗೋಡೆ ಮುಗಿದಲ್ಲಿಂದ ತೆಂಕಿಗೆ ಅರ್ಧ ಮೈಲು ಬರೀ ಕಡಲು. ಅದಕ್ಕೆ ದಾರಕ್ಕನ ಅಂಗಳ ಎನ್ನುತ್ತಾರೆ. ನೀರಿಗೆಂತ ಅಂಗಳ ಎಂದು ಬಂದವರು ನಗುತ್ತಾರೆ. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಈ ಕಥೆಯನ್ನು ನನ್ನಷ್ಟು ಸರಿಯಾಗಿ ಹೇಳುವವರು ಕಾರವಾರದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ.

ಹಿಂದೆ ಒಮ್ಮೆ ನಮ್ಮ ಕೇರಿಗೆ ಸೂರ ಮರಕಾಲನೆಂಬವನು ಗುರಿಕಾರನಾಗಿದ್ದ, ಕೇರಿಯ ಯಜಮಾನಿಕೆಯೆಲ್ಲ ಅವನದೇ. ನನ್ನ ಅಜ್ಜನ ಅಜ್ಜನಿಗೂ ಹಿರಿಯ. ಒಂದು ಕೈಯಲ್ಲಿ ದೋಣಿ ಎತ್ತಿಕೊಂಡೇ ಇನ್ನೊಂದು ಕೈಯಲ್ಲಿ ಗಂಜಿ ಉಣ್ಣುತ್ತಿದ್ದನಂತೆ. ಮಳೆಗಾಲದ ಕಡಲು ಎರಡು ಮನೆ ನುಂಗಿದಾಗ, ಗುಡ್ಡ ಒಡೆದು ಗೋಡೆ ಕಟ್ಟುತ್ತೇನೆಂದು ಹೊರಟ. ಅವನ ಅಕ್ಕ ದಾರಕ್ಕನನ್ನು ಪಕ್ಕದ ತೆಂಕಕೇರಿಗೆ ಮದುವೆ ಮಾಡಿ ಕೊಟ್ಟಿತ್ತು. ಎರಡೂ ಕೇರಿಯವರು ರಂಪಣಿ ಬಲೆ ಎಳೆದು ಮೀನು ಹಂಚಿಕೊಳ್ಳುತ್ತಿದ್ದುದು ಅವಳ ಅಂಗಳದ ಮರಳಲ್ಲೇ. ಅವಳು ಬಂದು, ಕಲ್ಲು ಬೇಡ, ಮನೆಗಳನ್ನು ಇಪ್ಪತ್ತು ಮಾರು ಹಿಂದೆ ಕಟ್ಟಿ ಮುಂದೆ ಕೇದಗೆ ನೆಡುವ, ಕಡಲಿಗೆ ಮೈಚಾಚಲು ಜಾಗ ಬಿಡುವ ಎಂದಳು.

"ಹೆದ್ರಿ ಹಿಂದ್ ಸರೂಕೆ ನಾನೆಂತ ಏಡಿಯಾ ಅಕ್ಕ?" ಎಂದು ಸೂರ ಎಲ್ಲರೆದುರು ನಕ್ಕ. ಕೇರಿಯೂ ನಕ್ಕಿತು.

ಆನೆ ಎಳೆಯದ ಬಂಡೆಗಳನ್ನು ಹೆಗಲ ಮೇಲೆ ತಂದು ಮೂರು ಬೇಸಿಗೆಯಲ್ಲಿ ಗೋಡೆ ಎಬ್ಬಿಸಿದ. ನಮ್ಮ ಮೂವತ್ತು ಒಲೆ ಉಳಿದದ್ದು ಅದರಿಂದಲೇ, ಅದನ್ನು ಅಲ್ಲಗಳೆಯಲಾರೆ. ಆದರೆ ಅವನು ಗೋಡೆಯನ್ನು ನಮ್ಮ ಕೇರಿಯ ಗಡಿಕಲ್ಲಿಗೆ ಸರಿಯಾಗಿ ನಿಲ್ಲಿಸಿದ್ದ. ಗಡಿ ನಮಗೆ ಗೊತ್ತು, ಕಡಲಿಗೆ ಗೊತ್ತೇ? ಕಲ್ಲಿಗೆ ಬಡಿದ ಅಲೆ ಗೋಡೆಯುದ್ದಕ್ಕೂ ಜಾರಿ, ಅದರ ತುದಿಯಲ್ಲಿ ತೆಂಕಕ್ಕೆ ತಿರುಗಿತು. ನಮ್ಮೆದುರಿನ ಮರಳು ಮೊದಲು ಹೋಯಿತು. ಎರಡನೆಯ ಮಳೆಗಾಲಕ್ಕೆ ತೆಂಕಕೇರಿಯ ತೆಂಗು, ಬಾವಿ, ಹದಿನಾಲ್ಕು ಮನೆ ಹೋದವು, ಕೊನೆಗೆ ದಾರಕ್ಕನದೂ.

ನೆನೆದ ಸೀರೆಯಲ್ಲಿ, ತಲೆಯ ಮೇಲೆ ಅನ್ನದ ಗಡಿಗೆ ಹೊತ್ತು ಅವಳು ತಮ್ಮನ ಬಾಗಿಲಿಗೆ ಬಂದಳು. ಶಾಪ ಹಾಕುತ್ತಾಳೆಂದು ಸೂರ ಕಂಬಕ್ಕೆ ಒರಗಿ ನಿಂತಿದ್ದ.

"ನಿನ್ನ ಗೋಡೆ ಗಟ್ಟಿಯೇ ತಮ್ಮಾ," ಎಂದಳು. "ಅದರ ಹಿಂದೆ ನಂಗೂ ಒಂದು ಮೂಲೆ ಕೊಡು."

ಕೊಟ್ಟ. ಆದರೆ ಮತ್ತೆಂದೂ ಅವಳೆದುರು ತಲೆಯೆತ್ತಿ ಉಣ್ಣಲಿಲ್ಲವಂತೆ. ಅಲ್ಲಿಯ ನೀರನ್ನು ಕಡಲು ಎಂದವರನ್ನು ಗದರಿ, "ಅದು ಅಕ್ಕನ ಅಂಗಳ" ಎನ್ನುತ್ತಿದ್ದನಂತೆ. ಹೆಸರು ಹಾಗೆ ನಿಂತಿತು.

ಇಂದಿಗೂ ನಮ್ಮ ದೋಣಿಗಳು ಅಲ್ಲಿ ದಾಟುವಾಗ ಗಂಡಸರು ಮುಂಡಾಸು ಬಿಚ್ಚುತ್ತಾರೆ, ಬಲೆ ಬೀಸುವುದಿಲ್ಲ. ನೋಡಲು ಬಂದವರು ಗೋಡೆಯ ಮೇಲೆ ನಡೆದಾಡಿ, ಇಷ್ಟು ವರ್ಷವಾದರೂ ಒಂದು ಕಲ್ಲೂ ಅಲುಗಿಲ್ಲವಲ್ಲ, ನಿಮ್ಮ ಹಿರಿಯರು ಭಾರೀ ಗಟ್ಟಿಗರು ಎಂದು ಹೊಗಳುತ್ತಾರೆ. ಉಳಿದೆಲ್ಲಕ್ಕೂ ಬಾಯಿ ಹಾಕುವ ನಾನು, ಆ ಮಾತಿಗೆ ಮಾತ್ರ ಮುಖವನ್ನು ದಾರಕ್ಕನ ಅಂಗಳದ ಕಡೆಗೆ ತಿರುಗಿಸುತ್ತೇನೆ.