ಅಧ್ಯಕ್ಷರಿಗೊಂದು ಹೊಸ ಹಾಸು

ಪಂಚಾಯ್ತಿಯ ಮಾಜಿ ಅಧ್ಯಕ್ಷ ಶರಭಪ್ಪ ಸೊಂಟ ಹಿಡಿದುಕೊಂಡು ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ ಬಂದವನೇ ಅಲ್ಲಿದ್ದ ಅಟೆಂಡರ್ ಮೇಲೆ ಗುಡುಗಿದ: "ಕಂಡೋರು ಮಲಗಿದ ಮಂಚದ ಮೇಲೆ ನಾನು ಮಲಗಬೇಕಾ? ಹೊಸದು ತರಿಸು. ಇಲ್ಲಾಂದ್ರೆ ಸಂಜೆಯೊಳಗೆ ನಿನ್ನ ಕೆಲಸ ಹೋಯ್ತು ಅನ್ಕೋ!"

ಇದ್ದದ್ದೇ ಒಂದು ಮಂಚ. ಆದರೆ ಅಟೆಂಡರ್ ನಮ್ಮ ಸೀಮೆಯವನು. ಇಂಥ ಹತ್ತು ಶರಭಪ್ಪಂದಿರನ್ನು ಬೆಳಗಿನ ಚಹಾಕ್ಕೆ ಮುಂಚೆಯೇ ಮಲಗಿಸಿ ಎಬ್ಬಿಸಿದವನು. ಪ್ರತಿ ರೋಗಿಗೂ ಒಂದೊಂದು ಹಾಸಿ ಎಸೆಯುವ ತೆಳು ನೀಲಿ ಹಾಸನ್ನು ಜರಿಶಾಲಿನಂತೆ ಎರಡೂ ಕೈಯಲ್ಲಿ ಹಿಡಿದು ತಂದ.

"ಅಧ್ಯಕ್ಷರೇ, ಇದಕ್ಕೆ ಇವತ್ತಿನವರೆಗೂ ಯಾರ ಬೆನ್ನೂ ತಾಗಿಲ್ಲ. ನೀವು ಎದ್ದ ಮೇಲೆ ಯಾರಿಗೂ ಇದನ್ನ ಹಾಸೋದಿಲ್ಲ."

"ಹಂಗೆ ಬಾ ದಾರಿಗೆ!" ಎಂದು ಶರಭಪ್ಪ ಹಾಯಾಗಿ ಮಲಗಿದ. ಚಿಕಿತ್ಸೆ ಮುಗಿಯಿತು. ಅವನ ಹಾಸು ಕಸದ ಡಬ್ಬಿ ಸೇರಿತು. ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅಟೆಂಡರ್ ಬಳೆ ಮಾರುವ ಸಾವಂತ್ರವ್ವನಿಗೂ ಹೊಸ ಹಾಸು ಬಿಚ್ಚಿದ.

"ಏನಲೇ, ಇವಳಿಗೂ ಹೊಸದಾ?"

"ಏನ್ಮಾಡ್ಲಿ ಅಧ್ಯಕ್ಷರೇ, ಅವ್ವಂದೂ ನಿಮ್ಮದೇ ಹಟ. ಕಂಡೋರು ಮಲಗಿದ್ದರ ಮೇಲೆ ಮಲಗಲ್ವಂತೆ."

"ಕಂಡೋರು ಅಂದ್ರೆ ಯಾರಲೇ?"

"ಈಗ ತಾನೇ ಎದ್ರಲ್ಲ, ಅವರು."

ಸಾಲಿನಲ್ಲಿ ಕೂತವರೆಲ್ಲ ಗೊಳ್ಳೆಂದರು. ಶರಭಪ್ಪ ಮೀಸೆ ಕುಣಿಸಿ ಬೈಯಲು ಬಾಯಿ ತೆರೆದ, ಬಂದದ್ದು ಮಾತ್ರ ನಗು.