ಹೊಡೆದುಹಾಕಿದ ಮಾತು

ಹಿರೇಕೋಡು ಸೀಮೆಯ ಬೀದಿಬೀದಿಯಲ್ಲಿ ಡಂಗುರ ಸಾರಿದರು. ಮಹಾರಾಣಿ ತೀರಿಕೊಂಡಾಗಿನಿಂದ ರಾಜಕುಮಾರಿ ಪದುಮಾಜಿ ಅತ್ತಿಲ್ಲ, ನಕ್ಕಿಲ್ಲ, ಹನ್ನೊಂದನೆಯ ದಿನ ಕಳೆದ ಮೇಲೆ ಮೂರು ಒಗಟು ಬಿಟ್ಟು ಬೇರೆ ಮಾತಾಡಿಲ್ಲ. ಮೂರನ್ನೂ ಬಿಡಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ. ಅರ್ಧ ರಾಜ್ಯ ಅಂದರೆ ಯಾರ ಬಾಯಲ್ಲಿ ನೀರೂರುವುದಿಲ್ಲ? ಆಮೇಲಿನ ಮಾತನ್ನು ಜನ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರ ಧೈರ್ಯಕ್ಕೆ ಕಾರಣವಿತ್ತು. ಕೋಟೆ ಬಾಗಿಲಲ್ಲಿ ಕಡಲಾಚೆಯ ವರ್ತಕರು ತಂದುಕೊಟ್ಟ ಹಿತ್ತಾಳೆ ಗೊಂಬೆಯೊಂದು ಕೂತಿತ್ತು. ಏನು ಕೇಳಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದುಕೊಡುತ್ತಿತ್ತು: ಮದುವೆಯ ಕರೆಯೋಲೆ, ಬೀಗರಿಗೆ ಬೈಗುಳ, ಸತ್ತವರ ಗುಣಗಾನ. ಹನ್ನೊಂದನೆಯ ದಿನ ಸತ್ತವರ ಮನೆಯವರು ಎದ್ದು ನಿಂತು, ತಮ್ಮದೇ ಮಾತಲ್ಲಿ ಅವರನ್ನು ನೆನೆಯಬೇಕೆನ್ನುವುದು ಆ ಸೀಮೆಯ ಪದ್ಧತಿ. ಈಗೀಗ ಅದನ್ನೂ ಗೊಂಬೆಯೇ ಬರೆಯುತ್ತಿತ್ತು. ಜನ ಓದಿ ಮುಗಿಸಿ ಊಟಕ್ಕೆ ಕೂರುತ್ತಿದ್ದರು.

ಗಾಣದ ಚೆನ್ನಂಜನ ಅಣ್ಣ ಗುರುಸಿದ್ದನೂ ಗೊಂಬೆಯ ಉತ್ತರ ಹಿಡಿದುಕೊಂಡು ಹೋಗಿ ಸೆರೆಮನೆ ಸೇರಿದ. ಸುದ್ದಿ ಬಂದಾಗ ಚೆನ್ನಂಜ ಗಾಣದ ಎತ್ತು ಹೊಡೆಯುತ್ತಿದ್ದ. ಕೇಳಿದ ಮೇಲೂ ಹೊಡೆಯುತ್ತಲೇ ಇದ್ದ. ಎಳ್ಳು ಮುಗಿದು ಬರೀ ಗಾಣ ಕಿರುಗುಟ್ಟಿದರೂ ಅವನಿಗೆ ತಿಳಿಯಲಿಲ್ಲ. ಅಳು ಬರಲಿಲ್ಲ, ಹೆದರಿಕೆಯೂ ಬರಲಿಲ್ಲ, ಒಳಗೆಲ್ಲ ಮರಗಟ್ಟಿಹೋಗಿತ್ತು. ಅಮಾವಾಸ್ಯೆಯ ಹಿಂದಿನ ದಿನ ಎತ್ತು ಕಟ್ಟಿಹಾಕಿ ಅರಮನೆಗೆ ನಡೆದ. ಬಿಡಿಸಿದರೆ ಅಣ್ಣನ ತಲೆ ಉಳಿಯುತ್ತದೆ, ಇಲ್ಲದಿದ್ದರೆ ಇಬ್ಬರದೂ ಹೋಗುತ್ತದೆ ಎಂಬುದಷ್ಟೇ ಅವನ ತಲೆಯಲ್ಲಿದ್ದದ್ದು.

ಸಭೆಯಲ್ಲಿ ಅವನ ಮುಂದೆ ಪಾಳೆಯಗಾರನ ಮಗನೂ ಆಸ್ಥಾನದ ಪಂಡಿತನೂ ನಿಂತಿದ್ದರು. ಪದುಮಾಜಿ ಗೋಡೆ ನೋಡುತ್ತ ಕೇಳಿದಳು: "ಊರಿಗೆಲ್ಲ ಹಂಚಿದರೂ ಮುಗಿಯಲಿಲ್ಲ, ಒಬ್ಬರ ಹೊಟ್ಟೆಯೂ ತುಂಬಲಿಲ್ಲ. ಅದೇನು?"

ಪಾಳೆಯಗಾರನ ಮಗ ಮೀಸೆ ತಿರುವಿ ಕೀರ್ತಿ ಎಂದ. ಗುರುಸಿದ್ದ ಹೇಳಿದ್ದೂ ಅದನ್ನೇ, ಅವನಿಗಿಂತ ಮುಂಚಿನವರು ಹೇಳಿದ್ದೂ ಅದನ್ನೇ. ಗೊಂಬೆ ಎಲ್ಲರಿಗೂ ಒಂದೇ ಉತ್ತರ ಕೊಟ್ಟಿತ್ತು, ಎಲ್ಲರೂ ಅದನ್ನು ತಮಗೊಬ್ಬರಿಗೇ ಕೊಟ್ಟದ್ದೆಂದು ಗುಟ್ಟಾಗಿ ಇಟ್ಟುಕೊಂಡಿದ್ದರು. ಭಟರು ಅವನನ್ನು ಎಳೆದೊಯ್ದರು. ಪಂಡಿತ ಮೆಲ್ಲನೆ ಗೊಂಬೆ ಬರೆದುಕೊಟ್ಟ ತನ್ನ ಚೀಟಿಯನ್ನು ಬಾಯಿಗೆ ಹಾಕಿಕೊಂಡು ನುಂಗಿದ. ಬೇರೇನೂ ಹೊಳೆಯದೆ ದೀಪ ಎಂದು ತಡವರಿಸಿದ, ಅವನನ್ನೂ ಎಳೆದೊಯ್ದರು.

ಚೆನ್ನಂಜ ಪಂಡಿತನ ಗಂಟಲನ್ನೇ ನೋಡುತ್ತಿದ್ದ. "ಗೊಂಬೆಯ ಮಾತು, ತಾಯಿ" ಎಂದ.

ಪದುಮಾಜಿ ಗೋಡೆಯಿಂದ ಕಣ್ಣು ತೆಗೆದಳು. "ಬರೆದವನು ನಾಚಿಕೊಂಡು ಮುಚ್ಚುತ್ತಾನೆ, ಓದುವವನು ಕಣ್ಣು ಕಿರಿದು ಮಾಡಿ ಅದನ್ನೇ ಹುಡುಕುತ್ತಾನೆ. ಅದೇನು?"

"ಬರೆದು ಹೊಡೆದುಹಾಕಿದ ಮಾತು."

"ಸಾವಿನ ಮನೆಗೆ ಬಂದವರೆಲ್ಲ ಅತ್ತರು, ಅಳಬೇಕಾದವಳು ಅಳಲಿಲ್ಲ. ಅವಳ ಅಳು ಎಲ್ಲಿ ಹೋಯಿತು?"

ಚೆನ್ನಂಜ ಅವಳ ಒಣಗಿದ ಕಣ್ಣನ್ನು ನೋಡಿದ. ಭಟರು ಹತ್ತಿರ ಬಂದರು. "ಎಲ್ಲೂ ಹೋಗಿಲ್ಲ" ಎಂದ. "ಅವಳು ಆಡದ ಮಾತಿನ ಕೆಳಗೆ ಬಿದ್ದಿದೆ."

ರಾಜ ಬಿಡಿಸಿ ಹೇಳೆಂದ. ಚೆನ್ನಂಜ ತನಗೆ ತೋಚಿದಂತೆ ಹೇಳಿದ. ಗೊಂಬೆ ಎಷ್ಟು ಕೊಟ್ಟರೂ ಅದಕ್ಕೆ ಏನೂ ಕಡಿಮೆಯಾಗುವುದಿಲ್ಲ, ಅದಕ್ಕೇ ಪಡೆದವರಿಗೂ ಏನೂ ಸಿಗುವುದಿಲ್ಲ. ಅಣ್ಣ ಪರವೂರಲ್ಲಿದ್ದಾಗ ಒಂದು ಓಲೆಯಲ್ಲಿ ಹುಷಾರಿಲ್ಲ ಎಂದು ಬರೆದು ಹೊಡೆದುಹಾಕಿದ್ದ. ಉಳಿದದ್ದೆಲ್ಲ ಮರೆತುಹೋಗಿದೆ, ಅದೊಂದು ನೆನಪಿದೆ. ಗೊಂಬೆ ಏನನ್ನೂ ಹೊಡೆದುಹಾಕುವುದಿಲ್ಲ.

"ಮಹಾರಾಣಿಯವರ ಹನ್ನೊಂದನೇ ದಿನ ನೀವು ಓದಿದ್ದು ಗೊಂಬೆ ಬರೆದದ್ದು, ತಾಯಿ. ಚೆನ್ನಾಗೇ ಇತ್ತು, ಜನರ ನಡುವೆ ನಿಂತು ಕೇಳಿ ನಾನೂ ಅತ್ತೆ. ಆದರೆ ಅದು ಯಾರ ಅವ್ವನಿಗಾದರೂ ಒಪ್ಪುತ್ತಿತ್ತು."

ಸಭೆ ತಲೆ ತಗ್ಗಿಸಿತು. ಪದುಮಾಜಿ ಎದ್ದು ನಿಂತಳು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಅವ್ವ ತಲೆ ಬಾಚುವಾಗ ಕೂದಲು ಎಳೀತಿದ್ದಳು" ಎಂದಳು. "ನೋವಾಗ್ತಿತ್ತು. ಬೈತಿದ್ದೆ. ಆಮೇಲೆ... ಇನ್ನೇನು ಹೇಳಲಿ, ಗೊತ್ತಾಗ್ತಿಲ್ಲ."

ಮಂತ್ರಿಗಳು ಮುಖ ಮುಖ ನೋಡಿಕೊಂಡರು. ರಾಣಿಯ ಬಗ್ಗೆ ಇಷ್ಟೇನಾ ಎಂದು ಯಾರೋ ಗೊಣಗಿದರು. ಸಭೆಯಲ್ಲಿ ಒಬ್ಬರ ಕಣ್ಣೂ ಒದ್ದೆಯಾಗಲಿಲ್ಲ. ಪದುಮಾಜಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು, ನಿಂತಲ್ಲೇ ಕುಸಿದು ಅತ್ತಳು.

ರಾಜ ಅರ್ಧ ರಾಜ್ಯ ಬರೆದುಕೊಟ್ಟ. ಬೇಡ ಎನ್ನುವಷ್ಟು ದಡ್ಡನೇನಲ್ಲ ನಮ್ಮ ಚೆನ್ನಂಜ. ಆದರೆ ಮೊದಲು ಸೆರೆಮನೆಯ ಬಾಗಿಲು ತೆಗೆಸಿರೆಂದ.

ಒಬ್ಬೊಬ್ಬರೇ ಹೊರಗೆ ಬಂದರು. ಪಂಡಿತ ಗಂಟಲು ಸವರಿಕೊಳ್ಳುತ್ತ ಬಂದ. ಕೊನೆಗೆ ಗುರುಸಿದ್ದ ಬಂದ, ಗಡ್ಡ ಬೆಳೆದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ದಾರಿಯುದ್ದಕ್ಕೂ ಅಣ್ಣನಿಗೆ ಹೇಳಬೇಕೆಂದು ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಚೆನ್ನಂಜನ ಬಾಯಿಗೆ ಬರಲಿಲ್ಲ.

"ಊಟ ಮಾಡಿದ್ಯೇನಣ್ಣ?" ಎಂದ. ಉತ್ತರ ಬರುವ ಮೊದಲೇ ಅವನಿಗೆ ಅಳು ಬಂತು.